ಮಾಲ್ಟನ್ನಿನಲ್ಲಿ ಜಾವಳ

ಬೆಂಗಳೂರು: ಕತ್ತರಿ ಹೋಯಿತು

ನಮ್ಮವ್ವ ಅರಿಸಿನ ಹಚ್ಚಿ, ಹಿಡಿಕೆಗೆ ಹಸಿರು ದಾರ ಸುತ್ತಿ ಕೊಟ್ಟಿದ್ದ ಹೊಸ ಕತ್ತರಿಯನ್ನು ಬೆಂಗಳೂರಿನ ವಿಮಾನ ನಿಲ್ದಾಣದಲ್ಲೇ ಕಳೆದುಕೊಂಡೆ. ಅದನ್ನು ದೊಡ್ಡ ಬ್ಯಾಗಿನಲ್ಲಿ ಇಡಬೇಕೆಂದು ನನಗೆ ಯಾರೂ ಹೇಳಿರಲಿಲ್ಲ. ಕೈಚೀಲದಲ್ಲಿ, ಕರದಂಟಿನ ಡಬ್ಬಿಯ ಮೇಲೆ ಇಟ್ಟುಕೊಂಡಿದ್ದೆ. ತಪಾಸಣೆಯ ಹುಡುಗಿ ಅದನ್ನು ಎತ್ತಿ ಹಿಡಿದು, "ಇದ್ಯಾಕೆ ಸರ್?" ಎಂದು ಕೇಳಿದಳು.

"ನಮ್ಮ ತಂಗಿ ಮಗನ ಜಾವಳ ಐತ್ರಿ. ನಾ ಸೋದರಮಾವ. ಮೊದಲನೇ ಕೂದಲು ನಾನ ತಗೀಬೇಕು," ಎಂದೆ.

"ಒಳ್ಳೇದಾಗ್ಲಿ ಸರ್," ಎಂದು ನಕ್ಕು ಕತ್ತರಿಯನ್ನು ತೊಟ್ಟಿಗೆ ಹಾಕಿದಳು.

ನಾನು ಬಾಗಲಕೋಟೆ ಕಡೆಯ ಸರ್ಕಾರಿ ಬಸ್ಸಿನ ಕಂಡಕ್ಟರ್. ಊರೂರು ತಿರುಗುವುದೇ ನನ್ನ ಉದ್ಯೋಗವಾದರೂ ಆವರೆಗೆ ನಾನು ನೋಡಿದ ಅತಿ ದೂರದ ಊರು ತಿರುಪತಿ. ನನ್ನ ತಂಗಿ ಸವಿತಾ ಮದುವೆಯಾಗಿ ಕೆನಡಾಕ್ಕೆ ಹೋದಳು. ಅಲ್ಲೇ ಶರಣ ಹುಟ್ಟಿದ. ಮಗುವಿಗೆ ಮೂರು ತುಂಬುತ್ತ ಬಂದರೂ ಊರಿಗೆ ಬರಲಾಗಲಿಲ್ಲ. ಅವಳ ಕೆಲಸ, ಗಂಡನ ಕೆಲಸ, ಎಂಥದೋ ಕಾಗದಪತ್ರ. ನಮ್ಮಲ್ಲಿ ಮಗುವಿನ ಹುಟ್ಟುಗೂದಲನ್ನು ಮೂರು ತುಂಬುವುದರೊಳಗೆ ತೆಗೆಯಬೇಕು, ಮೊದಲ ಎಳೆ ಸೋದರಮಾವನೇ ಕತ್ತರಿಸಬೇಕು. "ಅವರು ಬರಲಿಲ್ಲಂದ್ರ ನೀನ ಹೋಗು," ಎಂದು ಅವ್ವ ಅಪ್ಪಣೆ ಮಾಡಿದಳು. ೨೦೧೭ರ ಬೇಸಿಗೆಯಲ್ಲಿ ಡಿಪೋದಿಂದ ರಜೆ ಪಡೆದು ವಿಮಾನ ಹತ್ತಿದೆ. ಸಣ್ಣದೊಂದು ಕತ್ತರಿಯನ್ನು ಸುರಕ್ಷಿತವಾಗಿ ಮುಟ್ಟಿಸಲಾಗದವನು ಅಷ್ಟು ದೂರ ಹೋಗಿ ಏನು ಮಾಡಿಯಾನು ಎಂಬ ಅಳುಕು ದಾರಿಯುದ್ದಕ್ಕೂ ಇತ್ತು.

ಮಾಲ್ಟನ್: ಕಂಡಕ್ಟರಿಲ್ಲದ ಬಸ್ಸು

ತಂಗಿಯ ಮನೆ ಮಾಲ್ಟನ್ನಿನಲ್ಲಿ. ವಿಮಾನ ನಿಲ್ದಾಣ ಮಗ್ಗುಲಲ್ಲೇ ಇರುವುದರಿಂದ ನಾನು ಇಳಿದ ವಿಮಾನದಂಥವೇ ದಿನವಿಡೀ ಮಾಳಿಗೆಗೆ ತಾಗುವಂತೆ ಹಾದುಹೋಗುತ್ತಿದ್ದವು. ಮನೆ ಎಂದರೆ ಮನೆಯ ಕೆಳಗಿನ ಬೇಸ್‌ಮೆಂಟು. ನೆಲದೊಳಗಿನ ನಮ್ಮ ಹಗೇವು ನೆನಪಾಯಿತು, ಆದರೆ ಇಲ್ಲಿ ಜೋಳದ ಬದಲು ಜನ ಇರುತ್ತಾರೆ. ಕಿಟಕಿ ನೆಲದ ಮಟ್ಟದಲ್ಲಿದ್ದು, ಹೊರಗೆ ಹೋಗುವವರ ಬೂಟು ಮಾತ್ರ ಕಾಣುತ್ತಿತ್ತು. ಸವಿತಾ ಮುದುಕರ ಮನೆಯೊಂದರಲ್ಲಿ ಶುಶ್ರೂಷೆಯ ಕೆಲಸಕ್ಕೆ ಹೋಗುತ್ತಿದ್ದಳು. ಅವಳ ಗಂಡ ಮಹಾಂತೇಶ ಪಕ್ಕದೂರು ಬ್ರ್ಯಾಂಪ್ಟನ್ನಿನ ಗೋದಾಮುಗಳಿಂದ ಟ್ರಕ್ಕು ಓಡಿಸುತ್ತಿದ್ದ.

ಮೊದಲ ದಿನ ಸವಿತಾಳೊಡನೆ ಬಸ್ಸು ಹತ್ತಿದಾಗ ಅಭ್ಯಾಸಬಲದಿಂದ ಹಿಂದಿನ ಬಾಗಿಲ ಬಳಿ ನಿಂತೆ. ಕಂಡಕ್ಟರು ಕಾಣಲಿಲ್ಲ. ಜನ ತಾವಾಗಿಯೇ ಡ್ರೈವರನ ಪಕ್ಕದ ಪೆಟ್ಟಿಗೆಯಲ್ಲಿ ಕಾರ್ಡು ಒತ್ತುತ್ತಾರೆ, ಇಳಿಯುವಾಗ "ಥ್ಯಾಂಕ್ಯೂ" ಎಂದು ಕೂಗಿ ಹೇಳುತ್ತಾರೆ. ನನ್ನ ಇಷ್ಟು ವರ್ಷದ ಸರ್ವೀಸಿನಲ್ಲಿ ಇಳಿಯುವವರು ನನಗೆ ಹೇಳಿದ್ದೆಲ್ಲ ಚಿಲ್ಲರೆಯ ವಿಷಯ. ಒಂದು ಸ್ಟಾಪಿನಲ್ಲಿ ಒಬ್ಬ ಅಜ್ಜಿ ಬುಟ್ಟಿ ಹಿಡಿದು ಇಳಿಯುತ್ತಿರುವಾಗ ಡ್ರೈವರ್ ಬಾಗಿಲು ಮುಚ್ಚತೊಡಗಿದ. ನನಗೇ ತಿಳಿಯದಂತೆ ಬಸ್ಸಿನ ತಗಡಿಗೆ ಅಂಗೈಯಿಂದ ಬಡಿದು, "ಹೋಲ್ಡಾನ್!" ಎಂದು ಕೂಗಿಬಿಟ್ಟೆ. ಬಸ್ಸು ನಿಂತಿತು. ಎಲ್ಲರೂ ತಿರುಗಿ ನೋಡಿದರು. ಸವಿತಾ ಸೆರಗಿಲ್ಲದಿದ್ದರೂ ಮುಖ ಮುಚ್ಚಿಕೊಳ್ಳಲು ಸೆರಗು ಹುಡುಕಿದಳು.

ಪಕ್ಕದ ಮನೆ: ಬಾವುಟವಿಲ್ಲದ ಕಟ್ಟೆ

ಆ ವರ್ಷ ಕೆನಡಾಕ್ಕೆ ನೂರೈವತ್ತು ತುಂಬಿತೆಂದು ಬೀದಿಯ ತುಂಬ ಕೆಂಪು-ಬಿಳಿ ಬಾವುಟ. ಪಂಜಾಬಿಗಳ ಮನೆ, ಗುಜರಾತಿಗಳ ಮನೆ, ಗಯಾನಾದವರ ಮನೆ, ಎಲ್ಲ ಕಡೆಯೂ. ನಮ್ಮ ಪಕ್ಕದ ಮನೆಗೆ ಮಾತ್ರ ಇರಲಿಲ್ಲ. ಅಲ್ಲಿ ಲಾರೆನ್ಸ್ ಎಂಬ ಅಜ್ಜ ತನ್ನ ಮೊಮ್ಮಗನೊಡನೆ ಇದ್ದ. ಅವರು ಓಜಿಬ್ವೆ ಜನ, ಅಂದರೆ ಬಿಳಿಯರು ಬರುವ ಮೊದಲೇ ಆ ನೆಲದಲ್ಲಿದ್ದವರು. ಉತ್ತರಕ್ಕೆ ದೊಡ್ಡ ಸರೋವರದ ನಡುಗಡ್ಡೆಯೊಂದು ಅವರ ಊರು. ಅಜ್ಜ ಆಯುಷ್ಯವಿಡೀ ಟ್ರಕ್ಕು ಓಡಿಸಿ ನಿವೃತ್ತನಾದವನು. ಮಹಾಂತೇಶನಿಗೆ ಹಿಮದಲ್ಲಿ ಬಂಡಿ ಓಡಿಸುವುದನ್ನು ಕಲಿಸಿದ್ದೂ ಅವನೇ, ಮೊದಲ ಕೆಲಸಕ್ಕೆ ಮಾತು ಹೇಳಿದ್ದೂ ಅವನೇ. ಸವಿತಾ ಅವನನ್ನು ಲಾರೆನ್ಸ್ ಅಜ್ಜ ಎಂದೇ ಕರೆಯುತ್ತಿದ್ದಳು. ಅಜ್ಜ ಎಂದರೇನೆಂದು ಅವನಿಗೂ ಗೊತ್ತಿತ್ತು.

ಮೊಮ್ಮಗನ ಹೆಸರು ಕೋಡಿ. ನಮ್ಮಲ್ಲಿ ಕೆರೆ ತುಂಬಿದರೆ ಹರಿಯುವುದು ಕೋಡಿ. ಈ ಹುಡುಗ ಮಾತ್ರ ಮಾತೇ ಹೊರಗೆ ಬಾರದಷ್ಟು ಮೆತ್ತಗಿನವನು. ವಯಸ್ಸು ಆರು. ಬೆನ್ನಿನ ನಡುವಿನವರೆಗೂ ಕಪ್ಪಗೆ ಮಿಂಚುವ ಒಂದೇ ಹೆರಳು. ನಾನು ಮೊದಲ ಸಲ ನೋಡಿದಾಗ, "ಬಾ ತಂಗಿ, ಕರದಂಟ ತಿನ್ನು," ಎಂದು ಕರೆದೆ.

"ಅಣ್ಣಾ, ಅವ ಗಂಡು ಹುಡುಗ," ಎಂದು ಸವಿತಾ ಕಿವಿಯಲ್ಲಿ ಹೇಳಿದಳು.

"ಹಂಗಾರ ಯಾವ ದೇವರಿಗೆ ಹರಕಿ ಹೊತ್ತಾರ ಕೇಳು."

ಅವಳು ಇಂಗ್ಲಿಷಿನಲ್ಲಿ ಕೇಳಿದಳು. ಅಜ್ಜ ತಲೆಯಾಡಿಸಿದ. "ದೇವರಿಗಲ್ಲ. ಅದು ಅವನದು. ಅದಕ್ಕೆ ಕತ್ತರಿ ತಾಗಿಸುವುದಿಲ್ಲ," ಎಂದ. ಮಾತು ಮೃದುವಾಗಿಯೇ ಇತ್ತು, ಆದರೆ ಮುಂದೆ ಪ್ರಶ್ನೆಗೆ ಜಾಗವಿರಲಿಲ್ಲ.

ಸಂಜೆ ಹೊತ್ತು ನಾವಿಬ್ಬರೂ ಅವನ ಮನೆಯ ಮುಂದಿನ ಮೆಟ್ಟಿಲ ಮೇಲೆ ಕೂರುವುದು ರೂಢಿಯಾಯಿತು. ಅವನು ನನ್ನನ್ನು "ಕಂಡಕ್ಟರ್" ಎಂದು ಕರೆಯುತ್ತಿದ್ದ. ನನ್ನ ಇಂಗ್ಲಿಷು ಮುಂಬಾಗಿಲಿಂದ ಹಿಂಬಾಗಿಲಿಗೆ ಸಾಕಾಗುವಷ್ಟು. ಉದ್ದದ ಮಾತಿಗೆ ಸವಿತಾ ಬೇಕಾಗುತ್ತಿತ್ತು. ಬಾವುಟ ಯಾಕೆ ಹಚ್ಚಿಲ್ಲ ಎಂದು ಒಮ್ಮೆ ಕೇಳಿದ್ದಕ್ಕೆ, "ನಾವು ಈ ನೂರೈವತ್ತಕ್ಕಿಂತ ಬಹಳ ಹಿಂದಿನಿಂದ ಇಲ್ಲಿದ್ದೇವೆ, ಕಂಡಕ್ಟರ್," ಎಂದ. ಇನ್ನೊಮ್ಮೆ ತಾನು ಚಿಕ್ಕಂದಿನಲ್ಲಿ ಸರ್ಕಾರ ಮತ್ತು ಚರ್ಚು ನಡೆಸುತ್ತಿದ್ದ ವಸತಿ ಶಾಲೆಯಲ್ಲಿ ಓದಿದ್ದಾಗಿ ಹೇಳಿದ. ನನಗೆ ಖುಷಿಯಾಯಿತು. "ನಾನೂ ಹಾಸ್ಟೆಲ್ ಹುಡುಗ!" ಎಂದು ಎದೆ ತಟ್ಟಿಕೊಂಡೆ.

ಅವನು ನನ್ನನ್ನೇ ನೋಡಿದ. "ನಿನ್ನ ಮನೆಯವರು ಬರುತ್ತಿದ್ದರೇ?"

"ಪ್ರತಿ ಸಂತೆಗೆ ಅಪ್ಪ ಬರ್ತಿದ್ದ. ರೊಟ್ಟಿ, ಶೇಂಗಾ ಚಟ್ನಿ ತರ್ತಿದ್ದ."

"ಯಾವ ಭಾಷೆ ಮಾತಾಡುತ್ತಿದ್ದಿರಿ?"

"ಕನ್ನಡ. ಮತ್ಯಾವುದು?"

"ಒಳ್ಳೆಯದು," ಎಂದ ಅಜ್ಜ. ಎದ್ದು ಒಳಗೆ ಹೋದ. ನಾನೇನಾದರೂ ತಪ್ಪು ಮಾತಾಡಿದೆನೇ ಎಂದು ಸವಿತಾಳನ್ನು ಕೇಳಿದೆ. "ಆ ಸಾಲಿ ಸುದ್ದಿ ಅಜ್ಜ ಹೆಚ್ಚಿಗೆ ಹೇಳಂಗಿಲ್ಲ ಅಣ್ಣಾ. ಹುಡುಗರನ್ನ ಮನ್ಯಾಗಿಂದ ಕಸ್ಕೊಂಡು ಹೋಗತಿದ್ರಂತ. ತಂದಿ-ತಾಯಿ ಬ್ಯಾಡ ಅಂದ್ರ ಜೈಲಂತ," ಎಂದಳು. ನನ್ನ ಹಾಸ್ಟೆಲ್ಲಿನ ಸಾರಿನಲ್ಲಿ ಬೇಳೆ ಕಡಿಮೆ ಇರುತ್ತಿತ್ತು. ಅದಕ್ಕಾಗಿ ನಾವು ಒಮ್ಮೆ ಧರಣಿ ಕೂತಿದ್ದೆವು. ಆ ಸುದ್ದಿಯನ್ನು ಅಜ್ಜನಿಗೆ ಹೇಳಬೇಕೆಂದಿದ್ದೆ. ಹೇಳಲಿಲ್ಲ.

ಪ್ಲಾಜಾದ ಕ್ಷೌರದಂಗಡಿ

ಜಾವಳಕ್ಕೆ ಶನಿವಾರ ಗೊತ್ತಾಯಿತು. ಊರಿನಲ್ಲಾದರೆ ಕ್ಷೌರಿಕರು ಮನೆಗೆ ಬರುತ್ತಾರೆ. ಇಲ್ಲಿ ನಾವೇ ಪ್ಲಾಜಾದ ಅಂಗಡಿಗೆ ಹೋಗಬೇಕು. ಅಂಗಡಿಯ ಯಜಮಾನ ರಫೀಕ್ ಭಾಯ್ ಹೈದರಾಬಾದಿನವನು. ನಮ್ಮ ಕಡೆ ಸಂತೆಯಲ್ಲಿ ಕೇಳುವ ಹಿಂದಿಯನ್ನೇ ಆಡಿದಾಗ ನನಗೆ ಹೋದ ಜೀವ ಬಂತು.

ಆ ಬೆಳಿಗ್ಗೆ ಲಾರೆನ್ಸ್ ಅಜ್ಜನಿಗೆ ಕಣ್ಣಿನ ಆಸ್ಪತ್ರೆಯಲ್ಲಿ ಏನೋ ಪರೀಕ್ಷೆ ಇತ್ತು. ಕೋಡಿಯ ತಾಯಿ ಉತ್ತರದ ಊರಿನಲ್ಲಿ ನರ್ಸಿಂಗ್ ಓದುತ್ತಿದ್ದಳು. ಹಾಗಾಗಿ ಹುಡುಗನನ್ನು ನಮ್ಮಲ್ಲಿ ಬಿಟ್ಟ. ಶರಣ ಮತ್ತು ಕೋಡಿ ಹೇಗೂ ದಿನವಿಡೀ ಕೂಡಿ ಆಡುವವರು. ಇಬ್ಬರನ್ನೂ ಕರೆದುಕೊಂಡು ಹೋದೆವು.

ಶರಣ ಬಾಗಿಲಲ್ಲೇ ಅಳು ಶುರುಮಾಡಿದ. ಸವಿತಾ ಅವನನ್ನು ತೊಡೆಯ ಮೇಲೆ ಕೂರಿಸಿಕೊಂಡು ಕುರ್ಚಿಯಲ್ಲಿ ಕೂತಳು. ಮಹಾಂತೇಶ ಫೋನು ಎತ್ತಿ ಹಿಡಿದು ವಿಡಿಯೊ ಕರೆ ಮಾಡಿದ. ಊರಿನಲ್ಲಿ ಸಂಜೆಯಾಗಿತ್ತು, ಫೋನಿನ ತುಂಬ ಅವ್ವನ ಹಣೆಯೊಂದೇ ಕಾಣುತ್ತಿತ್ತು.

"ಮೂಡ ದಿಕ್ಕಿಗೆ ಮುಖ ಮಾಡಿಸ್ರೋ!" ಎಂದು ಅವ್ವ ಕೂಗಿದಳು.

"ಅವ್ವಾ, ಕುರ್ಚಿ ನೆಲಕ್ಕ ಬಡಿದಾರ, ತಿರಗಂಗಿಲ್ಲ."

"ಹಂಗಾರ ಕೂಸಿನ ಕುತಗಿ ತಿರುವ್ರಿ."

ರಫೀಕ್ ಭಾಯ್ ನನ್ನ ಕೈಗೆ ಕತ್ತರಿ ಕೊಟ್ಟ. ಶರಣನ ನೆತ್ತಿಯ ಮೇಲಿನ ಒಂದು ಎಳೆ ಹಿಡಿದು ಕತ್ತರಿಸಿ, ಸವಿತಾ ಹಿಡಿದಿದ್ದ ತಟ್ಟೆಗೆ ಹಾಕಿದೆ. ಮಹಾಂತೇಶ ಕಣ್ಣು ಒರೆಸಿಕೊಂಡ. ಆಮೇಲೆ ರಫೀಕ್ ಭಾಯ್ ಮಷಿನ್ನು ಹಚ್ಚಿದ. ಅದರ ಸದ್ದಿಗೆ ಶರಣ ಕಿರುಚಿದ್ದು ಬಾಗಲಕೋಟೆಗೆ ಫೋನಿಲ್ಲದೆಯೂ ಕೇಳಿಸುವಂತಿತ್ತು. ಒಂದು ಕೈಯಲ್ಲಿ ಫೋನು ಹಿಡಿದ ಮಹಾಂತೇಶನೂ ಸೇರಿ ನಾವು ಮೂವರೂ ಅವನ ಕೈಕಾಲು ಹಿಡಿಯುವುದರಲ್ಲಿದ್ದೆವು.

ಆಗ ಫೋನಿನೊಳಗಿಂದ ಅವ್ವ, "ಈರಣ್ಣಾ, ಹಿಂದ ಕುಂತಾಳಲ್ಲ ಆ ಹುಡುಗಿ ಯಾರೋ? ಆಕಿ ಹೆರಳ ಯಾಕ ಬಿಚ್ಚಾಕತ್ತಾನ ಅವ?" ಎಂದಳು.

ತಲೆ ಎತ್ತಿ ಕನ್ನಡಿ ನೋಡಿದೆ. ನಮ್ಮ ಹಿಂದಿನ ಕುರ್ಚಿಯಲ್ಲಿ ಕೋಡಿ ಕೂತಿದ್ದ. ಕುತ್ತಿಗೆಯವರೆಗೆ ಬಿಳಿ ಬಟ್ಟೆ. ಅಂಗಡಿಗೆ ಹೊಸದಾಗಿ ಬಂದಿದ್ದ ಸೂರತ್ ಕಡೆಯ ಕೆಲಸಗಾರ ಹೆರಳನ್ನು ಬಿಚ್ಚಿ ಹರವಿ, ಒಂದು ಹಿಡಿ ಕೂದಲನ್ನು ಕುತ್ತಿಗೆಯ ಬಳಿ ಬಿಗಿಯಾಗಿ ಹಿಡಿದಿದ್ದ. ಇನ್ನೊಂದು ಕೈಯಲ್ಲಿ ಕತ್ತರಿ ಬಾಯಿ ತೆರೆದಿತ್ತು.

"ಹೋಲ್ಡಾನ್!"

ಹೋದ ಸಲ ಬಸ್ಸು ನಿಂತಂತೆ ಈ ಸಲ ಇಡೀ ಅಂಗಡಿ ನಿಂತಿತು. ರಫೀಕ್ ಭಾಯ್‌ನ ಮಷಿನ್ನು ನಿಂತಿತು. ಶರಣನ ಅಳು ಕೂಡ ನಿಂತಿತು. ನಾನು ಎರಡು ಕುರ್ಚಿಗಳ ನಡುವೆ ಹಾರಿ ಆ ಕೆಲಸಗಾರನ ಮಣಿಕಟ್ಟು ಹಿಡಿದೆ. ಅವನು ಗಾಬರಿಯಾಗಿ ಕತ್ತರಿ ಬಿಟ್ಟ. "ಎರಡೂ ಮಕ್ಕಳದು ಅಂದುಕೊಂಡೆ ಅಂಕಲ್. ಅಣ್ಣ-ತಮ್ಮ ಅಂದುಕೊಂಡೆ. ಬಾ ಅಂದೆ, ಬಂದು ಕೂತ," ಎಂದು ಹಿಂದಿಯಲ್ಲಿ ಬಡಬಡಿಸಿದ. ಅವನದೇನೂ ಕೆಟ್ಟ ಮನಸ್ಸಲ್ಲ. ನಮ್ಮ ಕೆಲಸ ಬೇಗ ಮುಗಿಯಲೆಂದು ಕೈ ಹಚ್ಚಿದ್ದ.

ಕೋಡಿ ಅಲುಗಾಡಲಿಲ್ಲ. ಬಟ್ಟೆ ತೆಗೆದರೆ, ಎರಡೂ ಅಂಗೈಯನ್ನು ತೊಡೆಗೆ ಒತ್ತಿ ಹಿಡಿದು ಕನ್ನಡಿಯಲ್ಲಿ ತನ್ನನ್ನೇ ನೋಡುತ್ತಿದ್ದ. ಸವಿತಾ ಬಂದು ಎತ್ತಿಕೊಂಡಾಗ ಹಲಗೆಯಂತೆ ಸೆಟೆದಿದ್ದ. ಕೂದಲು ಉಳಿದಿತ್ತು. ಆದರೆ ಹೆರಳ ತುದಿಯ ರಬ್ಬರ್ ಬ್ಯಾಂಡು ಬಿಚ್ಚಲಾಗದೆ ಆ ಕೆಲಸಗಾರ ಅದನ್ನು ಕೂದಲ ಸಮೇತ ಕತ್ತರಿಸಿದ್ದ. ಬೆರಳುದ್ದದ ತುಂಡೊಂದು ನೆಲದ ಮೇಲೆ, ಯಾರದೋ ಕಂದುಗೂದಲ ರಾಶಿಯ ಪಕ್ಕದಲ್ಲಿ ಬಿದ್ದಿತ್ತು. ನಾನು ಅದನ್ನು ಹೆಕ್ಕಿ ಕರವಸ್ತ್ರದಲ್ಲಿ ಕಟ್ಟಿಕೊಂಡೆ.

ರಫೀಕ್ ಭಾಯ್ ಕೈ ಮುಗಿದ. ನಾವು ಶರಣನನ್ನು ಹಾಗೆಯೇ ಎತ್ತಿಕೊಂಡು ಹೊರಬಿದ್ದೆವು. ತಲೆಯ ಬಲಗಡೆ ಬೋಳು, ಎಡಗಡೆ ಕಾಡು. ದಾರಿಯುದ್ದಕ್ಕೂ ಫೋನಿನಲ್ಲಿ ಅವ್ವ, "ಏನಾತು? ಯಾರರ ಹೇಳ್ರಿ!" ಎನ್ನುತ್ತಲೇ ಇದ್ದಳು.

ಲಾರೆನ್ಸ್ ಅಜ್ಜನ ಮೆಟ್ಟಿಲು

ಆ ಮಧ್ಯಾಹ್ನ ಮಾಡಿದ ಹುಗ್ಗಿಯನ್ನು ಯಾರೂ ಉಣ್ಣಲಿಲ್ಲ. ಮಹಾಂತೇಶ ಅತ್ತಿಂದಿತ್ತ ಓಡಾಡಿದ. "ಮಾವಾರ, ಈ ದೇಶದಾಗ ನನಗ ಮೊದಲ ಕೈ ಹಿಡದಾಂವ ಆ ಮನಷ್ಯಾ. ಇದೊಂದ ಮಾತು ಹೇಳಿದ್ದ, ಕತ್ತರಿ ತಾಗಸಬ್ಯಾಡ್ರಿ ಅಂತ. ಮಾರಿ ಹ್ಯಾಂಗ ತೋರಸ್ಲಿ?" ಎಂದ. ಕೋಡಿ ಟೀವಿಯ ಮುಂದೆ ಕೂತಿದ್ದ. ಬಿಚ್ಚಿದ ಕೂದಲು ಮುಖದ ಎರಡೂ ಬದಿಗೆ ಇಳಿಬಿದ್ದಿತ್ತು. ಸವಿತಾ ಹೆರಳು ಹಾಕುತ್ತೇನೆಂದರೆ ಬೇಡವೆಂದು ತಲೆಯಾಡಿಸಿದ. ಮುಟ್ಟಲು ನಮಗೂ ಧೈರ್ಯವಾಗಲಿಲ್ಲ.

ಅಜ್ಜನ ಕಾರು ಬಂದಾಗ ನಾನೂ ಸವಿತಾಳೂ ಕೋಡಿಯನ್ನು ಕರೆದುಕೊಂಡು ಹೋದೆವು. ಮೆಟ್ಟಿಲ ಮೇಲೆ ನಿಂತು ಸವಿತಾ ಅಂಗಡಿಯಲ್ಲಿ ಕೋಡಿಯ ಕೂದಲಿಗೆ ಕತ್ತರಿ ತಾಗಿದ್ದನ್ನು ಹೇಳಿದಳು. ನಾನು ಕರವಸ್ತ್ರ ಬಿಚ್ಚಿ ಮುಂದೆ ಹಿಡಿದೆ. ಅಜ್ಜ ಕಣ್ಣಿನ ಆಸ್ಪತ್ರೆಯಲ್ಲಿ ಕೊಟ್ಟಿದ್ದ ಕಪ್ಪು ಕನ್ನಡಕ ತೆಗೆದ. ಮೊಮ್ಮಗನನ್ನು ತಿರುಗಿಸಿ ಕೂದಲನ್ನು ನೆತ್ತಿಯಿಂದ ತುದಿಯವರೆಗೆ ಕೈಯಾಡಿಸಿ ನೋಡಿದ. ಆಮೇಲೆ ಕರವಸ್ತ್ರವನ್ನು ತೆಗೆದುಕೊಂಡು ಒಳಗೆ ಹೋದ. ಬಾಗಿಲು ಮುಚ್ಚಿತು.

ನಾವು ಕೋಡಿಯೊಡನೆ ಅಲ್ಲೇ ನಿಂತೆವು. ಹೋಗುವುದೋ ಇರುವುದೋ ತಿಳಿಯಲಿಲ್ಲ. ಎರಡು ವಿಮಾನಗಳು ತಲೆಯ ಮೇಲೆ ಹೋದವು. ಸವಿತಾ ಅಳತೊಡಗಿದಳು.

ಬಾಗಿಲು ತೆರೆದಾಗ ಅಜ್ಜನ ಮುಖ ಒದ್ದೆಯಾಗಿತ್ತು; ತೊಳೆದುಕೊಂಡು ಬಂದಿದ್ದ. ಕೈಯಲ್ಲಿ ನೀರಿನ ಲೋಟಗಳು. ನಮಗೆ ಕೊಟ್ಟು, ಮೆಟ್ಟಿಲ ಮೇಲೆ ಕೂತು, ಕೋಡಿಯನ್ನು ಪಕ್ಕಕ್ಕೆ ಎಳೆದುಕೊಂಡ. "ಕೂತುಕೊಳ್ಳಿ. ಕಂಡಕ್ಟರನಿಗೆ ಹೇಳು ಸವಿತಾ," ಎಂದು ಮಾತು ಶುರುಮಾಡಿದ. ಅವನು ಒಂದು ಮಾತು ಹೇಳಿ ನಿಲ್ಲಿಸುತ್ತಿದ್ದ, ಅವಳು ಕನ್ನಡದಲ್ಲಿ ಹೇಳುತ್ತಿದ್ದಳು.

ಅವನನ್ನು ಕರೆದೊಯ್ದಾಗ ಅವನಿಗೆ ಕೋಡಿಯಷ್ಟೇ ವಯಸ್ಸು. ನಡುಗಡ್ಡೆಗೆ ದೋಣಿ ಬಂತು, ಕೆಲವು ಮಕ್ಕಳನ್ನು ಹತ್ತಿಸಿಕೊಂಡಿತು. ಶಾಲೆ ತಲುಪಿದ ದಿನವೇ ಕುರ್ಚಿಯ ಮೇಲೆ ಕೂರಿಸಿ, ತಾಯಿ ಹಾಕಿದ್ದ ಹೆರಳನ್ನು ಕುತ್ತಿಗೆಯ ಬಳಿ ಕತ್ತರಿಸಿದರು. ಹೇನಿಗೆಂದು ತಲೆಗೆ ಕಣ್ಣುರಿಯುವ ಪುಡಿ ಹಾಕಿದರು. ಅವನು ನೋಡುತ್ತಿದ್ದಂತೆ ಕೂದಲನ್ನು ಪೊರಕೆಯಿಂದ ಗುಡಿಸಿಕೊಂಡು ಹೋದರು.

"ಅಜ್ಜಾರ ಮನಿತನದಾಗ ಕೂದಲು ಕತ್ತರಿಸೂದು ಯಾವಾಗಂದ್ರ," ಎಂದು ಸವಿತಾ ಹೇಳುತ್ತಿದ್ದವಳು ನಿಲ್ಲಿಸಿದಳು. ಅಜ್ಜನ ಮುಖ ನೋಡಿದಳು. ಅವನು ಹೇಳು ಎಂಬಂತೆ ತಲೆದೂಗಿದ. "ಯಾವಾಗಂದ್ರ, ಹತ್ತಿರದವರು ಯಾರರ ತೀರಿಕೊಂಡಾಗಂತ ಅಣ್ಣಾ. ಅದಕ್ಕ ಇವರು ತಮ್ಮ ಅವ್ವ ಸತ್ತಾಳಂತ ತಿಳಕೊಂಡ್ರಂತ."

ಕೇಳಲು ಯಾರೂ ಇರಲಿಲ್ಲ. ಅವನಿಗೆ ಇಂಗ್ಲಿಷು ಬಾರದು. ತನ್ನ ಭಾಷೆ ಆಡಿದರೆ ಹೊಡೆತ. ಆ ಚಳಿಗಾಲ ಪೂರ್ತಿ ಅವನು ತಾಯಿಗಾಗಿ ಅತ್ತ. ಬೇಸಿಗೆಯಲ್ಲಿ ಮಕ್ಕಳನ್ನು ಮನೆಗೆ ಕಳಿಸಿದಾಗ, ದೋಣಿ ದಡಕ್ಕೆ ತಾಗುವ ಮೊದಲೇ ಅವಳು ಕಂಡಳು. ದೋಣಿ ಕಟ್ಟುವ ಹಲಗೆಯ ಮೇಲೆ ನಿಂತು ಕೈ ಬೀಸುತ್ತಿದ್ದಳು.

"ಓಡಿ ಹೋಗಿ ಅಪ್ಪಿಕೊಂಡಿರಿ ಅಲ್ಲವೇ?" ಎಂದು ನಾನು ತಡೆಯಲಾರದೆ ಕೇಳಿದೆ.

"ಇಲ್ಲ, ಕಂಡಕ್ಟರ್. ಹೆದರಿದೆ. ಕರೆತಂದವನ ಕೋಟಿನ ಹಿಂದೆ ಅವಿತುಕೊಂಡೆ. ಅವಳಿಗಾಗಿ ಅತ್ತು ಮುಗಿಸಿದ್ದೆ. ಮಗ ತನ್ನ ಗುರುತೇ ಮರೆತನೆಂದು ಅವಳು ಅಲ್ಲೇ ಕುಸಿದು ಕೂತಳು. ಆಮೇಲೆ ಅವಳು ಬಹಳ ವರ್ಷ ಬದುಕಿದಳು. ಆದರೆ ನಾನು ಅವಳ ಮಡಿಲಿಗೆ ಮತ್ತೆ ಹೋಗಲಿಲ್ಲ. ಹೇಗೆ ಹೋಗಬೇಕೆಂದು ಗೊತ್ತಾಗಲಿಲ್ಲ."

ತನಗೆ ಮಗಳು ಹುಟ್ಟಿದಾಗ ಅವಳ ಕೂದಲನ್ನು ತಾನೇ ಗಿಡ್ಡವಾಗಿ ಕತ್ತರಿಸಿಡುತ್ತಿದ್ದನಂತೆ. ಯಾರ ಕಣ್ಣಿಗೂ ಬೀಳದಿರಲಿ, ಯಾರೂ ಕಸಿದುಕೊಳ್ಳಲು ಏನೂ ಇಲ್ಲದಿರಲಿ ಎಂದು. ಅದೇ ಮಗಳು ಬೆಳೆದು, ತನ್ನ ಮಗನ ಕೂದಲು ಬಿಟ್ಟಳು. ಹೆರಳು ಹಾಕುವುದನ್ನು ಮುದುಕ ಅಪ್ಪನಿಗೆ ಕಲಿಸಿದವಳೂ ಅವಳೇ.

ಮಾತು ಮುಗಿಸಿ ಅಜ್ಜ ಕೋಡಿಯತ್ತ ತಿರುಗಿದ. "ನೀನು ಏನು ಮಾಡಿದೆ?"

ಕೋಡಿ ತನ್ನ ಬೂಟು ನೋಡುತ್ತ, "ನೋ ಅಂದೆ," ಎಂದ. ಬೆಳಗಿನಿಂದ ನಾವು ಕೇಳಿದ ಅವನ ಮೊದಲ ಮಾತು. "ಮೆಲ್ಲಗೆ ಅಂದೆ. ಅವರಿಗೆ ಕೇಳಿಸಲಿಲ್ಲ."

ಅಜ್ಜನ ಭುಜ ಇಳಿಯಿತು. ಎಷ್ಟೋ ವರ್ಷದಿಂದ ಹೊತ್ತಿದ್ದನ್ನು ಇಳಿಸಿದವನಂತೆ ಉಸಿರು ಬಿಟ್ಟ. "ನೋ ಅಂದೆಯಾ? ನಾನು ಅಷ್ಟೂ ಅಂದಿರಲಿಲ್ಲ," ಎಂದು ಹುಡುಗನ ತಲೆಯನ್ನು ಎದೆಗೆ ಒತ್ತಿಕೊಂಡ. ಆಮೇಲೆ, "ಮತ್ತೆ ಕೇಳಿಸಿದ್ದು ಯಾರಿಗೆ? ನಿಲ್ಲಿಸಿದ್ದು ಯಾರು?" ಎಂದ.

"ಕೂಗಿದ್ದು ನಾನು," ಎಂದೆ. "ನೋಡಿದ್ದು ನಮ್ಮವ್ವ."

"ನಿನ್ನ ಅಮ್ಮ ಇಂಡಿಯಾದಲ್ಲಿದ್ದಾಳೆ."

"ಹೌದು. ಅಲ್ಲಿಂದಲೇ ನೋಡಿದಳು. ಫೋನಿನಲ್ಲಿ."

ಅಜ್ಜ ನನ್ನನ್ನು ನೋಡಿದ, ಸವಿತಾಳನ್ನು ನೋಡಿದ. ಮೊದಲು ಹೊಟ್ಟೆ ಕುಲುಕಿತು, ಆಮೇಲೆ ಸದ್ದು ಬಂತು. ಕಣ್ಣಲ್ಲಿ ನೀರು ಬರುವಷ್ಟು ನಕ್ಕ. ಏನೆಂದು ತಿಳಿಯದೆ ಕೋಡಿಯೂ ನಕ್ಕ. ಸವಿತಾ ಅಳುತ್ತಲೇ ನಕ್ಕಳು. ನನ್ನ ಎದೆಯ ಮೇಲಿನ ಕಲ್ಲು ಆಗ ಸರಿಯಿತು. ನಗುವನ್ನು ಕೇಳಿ ಬೇಸ್‌ಮೆಂಟಿನ ಕಿಟಕಿಯಿಂದ ಮಹಾಂತೇಶ ಅರ್ಧ ಮುಖ ತೋರಿಸಿ, "ಮಾವಾರ, ಬರಲ್ಯಾ?" ಎಂದು ಕೇಳಿದ.

ಆ ಬೆರಳುದ್ದದ ಕೂದಲನ್ನು ಅಜ್ಜ ಮಾರನೆಯ ದಿನ ಅವರ ಪದ್ಧತಿಯಂತೆ ತುಸು ತಂಬಾಕಿನೊಡನೆ ಬೆಂಕಿಗೆ ಒಪ್ಪಿಸಿದ. ಕೋಡಿ ಪಕ್ಕದಲ್ಲಿ ನಿಂತಿದ್ದ. ನಾವು ಬೇಲಿಯ ಈಚೆ ಚಪ್ಪಲಿ ಬಿಟ್ಟು ನಿಂತೆವು. ಹಾಗೆ ಮಾಡಬೇಕೆಂದು ಯಾರೂ ಹೇಳಿರಲಿಲ್ಲ.

ಹಿತ್ತಲು: ಉಳಿದರ್ಧ ತಲೆ

ಅರ್ಧ ಬೋಳು ತಲೆಯ ಶರಣನನ್ನು ಹೊರಗೆ ಕರೆದೊಯ್ಯುವಂತಿರಲಿಲ್ಲ. ಸೋಮವಾರ ಅಂಗಡಿಗೆ ರಜೆ. ರಫೀಕ್ ಭಾಯ್ ತಾನಾಗಿಯೇ ಪೆಟ್ಟಿಗೆ ಹಿಡಿದು ಮನೆಗೆ ಬಂದ. ಜೊತೆಗೆ ಸೂರತ್ತಿನವನನ್ನೂ ಕರೆತಂದಿದ್ದ. ಆ ಹೊಸಬ ನಮ್ಮ ಹಿತ್ತಲಿಗೆ ಬಂದಿದ್ದ ಅಜ್ಜನ ಮುಂದೆ ತಲೆ ತಗ್ಗಿಸಿ ನಿಂತ. ಅಜ್ಜ ಅವನ ಕೈ ಕುಲುಕಿ, "ಮುಂದಿನ ಸಲ ಕೇಳಿ ಕತ್ತರಿಸು," ಎಂದಷ್ಟೇ ಹೇಳಿದ. ಅವನು ಹತ್ತು ಸಲ "ಯೆಸ್ ಸರ್" ಎಂದಿರಬೇಕು.

ಹಿತ್ತಲ ಹುಲ್ಲಿನ ಮೇಲೆ ಸ್ಟೂಲು ಹಾಕಿದೆವು. ಇಲ್ಲಿ ಯಾವ ದಿಕ್ಕಿಗೆ ಬೇಕಾದರೂ ತಿರುಗಿಸಬಹುದಾದ್ದರಿಂದ ಫೋನಿನೊಳಗಿದ್ದ ಅವ್ವ ಮೂಡಣ ಸಿಕ್ಕಿತೆಂದು ತೃಪ್ತಳಾದಳು. ಅಜ್ಜ ಅವಳನ್ನು ನೋಡಲೇಬೇಕೆಂದು ಮಹಾಂತೇಶನ ಭುಜದ ಬಳಿ ಬಂದು, ಎದೆಯ ಮೇಲೆ ಕೈಯಿಟ್ಟು ಏನೋ ಹೇಳಿದ. ಅವರ ಭಾಷೆಯ ಮಾತಿರಬೇಕು, ಸವಿತಾಳಿಗೂ ತಿಳಿಯಲಿಲ್ಲ. ಅವ್ವನಿಗೆ ಮಾತ್ರ ತಿಳಿಯಿತೆಂದು ಕಾಣುತ್ತದೆ. "ಇರಲಿ ಬಿಡ್ರಿ ಯಜಮಾನ್ರ," ಎಂದಳು. "ಹುಡುಗನ ಕೂದಲ ಭಾಳ ಛಲೋ ಅದಾವ. ವಾರಕ್ಕೊಮ್ಮೆ ಕೊಬ್ಬರಿ ಎಣ್ಣಿ ಹಚ್ಚರಿ, ಸೀಳಂಗಿಲ್ಲ."

ಇನ್ನೊಂದು ತೊಡಕು ಬಂತು. ಸವಿತಾ ಮಗುವನ್ನು ಹಿಡಿಯಬೇಕು, ಮಹಾಂತೇಶ ಫೋನು ಹಿಡಿಯಬೇಕು, ನಾನು ಕಾಲು ಹಿಡಿಯಬೇಕು. ಕೂದಲು ನೆಲಕ್ಕೆ ಬೀಳದಂತೆ ತಟ್ಟೆ ಹಿಡಿಯುವವರು ಯಾರು? ನಮ್ಮಲ್ಲಿ ಸೋದರತ್ತೆ ಸೆರಗೊಡ್ಡಿ ಹಿಡಿಯುತ್ತಾಳೆ. ನಾನು ಅಜ್ಜನನ್ನು ನೋಡಿದೆ. ಕೇಳುವುದು ಸರಿಯೇ ತಪ್ಪೇ ಎಂದು ಯೋಚಿಸುತ್ತಿರುವಾಗಲೇ ಅವನು, "ಇದು ನೆಲಕ್ಕೆ ಬೀಳಬಾರದೇ?" ಎಂದ.

"ಬೀಳಬಾರದು. ನಾನು ಊರಿಗೆ ಒಯ್ದು ಹೊಳೆಗೆ ಬಿಡಬೇಕು."

ಅಜ್ಜ ತಟ್ಟೆ ತೆಗೆದುಕೊಂಡು ಸ್ಟೂಲಿನ ಪಕ್ಕ ಮಂಡಿಯೂರಿ ಕೂತ. ಮಷಿನ್ನು ಬೇಡವೆಂದು ರಫೀಕ್ ಭಾಯ್ ಕ್ಷೌರದ ಕತ್ತಿ ಹಿಡಿದ. ಶರಣ ಅತ್ತ, ಆದರೆ ಈ ಸಲ ಅಳು ಸಣ್ಣದು. ಅವನ ಮುಖ ಸವಿತಾಳ ಮುಖಕ್ಕೆ ಎದುರಾಗಿತ್ತು. ಅಳುವುದು, ಅವಳನ್ನು ನೋಡುವುದು, ಮತ್ತೆ ಅಳುವುದು. ಅಜ್ಜನ ಕಣ್ಣು ವಯಸ್ಸಿನಿಂದ ಮಸುಕಾಗಿತ್ತು. ಆದರೂ ತಟ್ಟೆಯನ್ನು ಕತ್ತಿಯ ಹಿಂದೆಯೇ ಸರಿಸುತ್ತ ಒಂದೊಂದು ಎಳೆಯನ್ನೂ ಹಿಡಿದ. ಗಾಳಿಗೆ ಹಾರಿದ್ದನ್ನು ಹುಲ್ಲಿನಿಂದ ಬೆರಳಲ್ಲಿ ಎತ್ತಿ ತಟ್ಟೆಗೆ ಹಾಕಿದ. ಮುಗಿದ ಮೇಲೆ ತಟ್ಟೆಯನ್ನು ಎರಡೂ ಕೈಯಿಂದ ನನಗೆ ಕೊಟ್ಟು ಬಹಳ ಹೊತ್ತು ಮಂಡಿಯ ಮೇಲೆಯೇ ಇದ್ದ. "ಏಳಲು ಕೈ ಕೊಡಲೇ?" ಎಂದು ಕೇಳಿದೆ. "ಇರು ಕಂಡಕ್ಟರ್. ಚೆನ್ನಾಗಿದೆ ಇಲ್ಲಿ," ಎಂದ.

ತಲೆಗೆ ನೀರೆರೆದು, ಗಂಧ ಹಚ್ಚಿ, ಶರಣನಿಗೆ ಹೊಸ ಅಂಗಿ ತೊಡಿಸಿದೆವು. ರಫೀಕ್ ಭಾಯ್, ಸೂರತ್ತಿನವನು, ಅಜ್ಜ ಎಲ್ಲರೂ ಹುಗ್ಗಿ ಉಂಡರು. ಅಜ್ಜ ತುಪ್ಪವನ್ನು ಎರಡನೆಯ ಸಲವೂ ಹಾಕಿಸಿಕೊಂಡ. ನನಗೂ ಶನಿವಾರದಿಂದ ಮೊದಲ ಸಲ ಊಟ ರುಚಿಸಿತು. ಕೋಡಿ ಶರಣನ ಬೋಳು ತಲೆಯ ಮೇಲೆ ಅಂಗೈ ಉಜ್ಜಿ ಉಜ್ಜಿ ಕೇಕೆ ಹಾಕುತ್ತಿದ್ದ. ಆ ಹುಡುಗನಿಗೆ ಅಷ್ಟು ದೊಡ್ಡ ದನಿ ಇದೆಯೆಂದು ನಮಗೆ ಆವತ್ತು ಗೊತ್ತಾಯಿತು.

ಊಟದ ಮೇಲೆ ಅಜ್ಜ ಖಾಲಿ ಬಿದ್ದಿದ್ದ ಸ್ಟೂಲಿನ ಮೇಲೆ ಕೋಡಿಯನ್ನು ಕೂರಿಸಿದ. ಹುಡುಗ ಎರಡು ದಿನದಿಂದ ಕೂದಲು ಕಟ್ಟಿಸಿಕೊಂಡಿರಲಿಲ್ಲ. ಈಗ ಸುಮ್ಮನೆ ಬೆನ್ನು ತಿರುಗಿಸಿ ಕೂತ. ಅಜ್ಜ ಅವನ ಹಿಂದೆ ನಿಂತು, ಜೇಬಿನಿಂದ ಬಾಚಣಿಗೆ ತೆಗೆದು, ಸಿಕ್ಕು ಬಿಡಿಸಿ, ಮೂರು ಪಾಲು ಮಾಡಿ ಹೆಣೆಯತೊಡಗಿದ. ಟ್ರಕ್ಕಿನ ಸ್ಟೇರಿಂಗು ಹಿಡಿದು ದಪ್ಪಗಾದ ಬೆರಳು. ನಡುವೆ ಒಂದೆರಡು ಸಲ ತಪ್ಪಿತು, ಬಿಚ್ಚಿ ಮತ್ತೆ ಹೆಣೆದ. ತುದಿಗೆ ಸವಿತಾ ಕೊಟ್ಟ ಕೆಂಪು ರಿಬ್ಬನ್ನು ಕಟ್ಟಿದ. ಹೆರಳು ಮೊದಲಿಗಿಂತ ತುಸು ಗಿಡ್ಡವಾಗಿತ್ತು. ಗೊತ್ತಿದ್ದವರಿಗೆ ಮಾತ್ರ ಗೊತ್ತಾಗುವಷ್ಟು.

ಕೋಡಿ ಇಳಿಯುತ್ತಿದ್ದಂತೆ ಶರಣ ಓಡಿ ಬಂದು ಸ್ಟೂಲು ಹತ್ತಿ, ಅಜ್ಜನಿಗೆ ಬೆನ್ನು ಕೊಟ್ಟು ಕೂತ. "ನಂಗೂ," ಎಂದ.

ನಾವು ನಗಬೇಕೆನ್ನುವಷ್ಟರಲ್ಲಿ ಅಜ್ಜ ಬೆರಳು ತುಟಿಗಿಟ್ಟು ಸುಮ್ಮನಿರಿಸಿದ. ಗಂಧ ಮೆತ್ತಿದ ಆ ಬೋಳು ತಲೆಯ ಮೇಲೆ ಬಾಚಣಿಗೆಯ ಬೆನ್ನನ್ನು ಮೆಲ್ಲನೆ ಆಡಿಸಿದ. ಗಾಳಿಯನ್ನು ಮೂರು ಪಾಲು ಮಾಡಿದ. ನೆತ್ತಿಯಿಂದ ಶುರುಮಾಡಿ ಕುತ್ತಿಗೆ ದಾಟಿ ಬೆನ್ನಿನವರೆಗೆ, ಒಂದರ ಮೇಲೊಂದು ದಾಟಿಸುತ್ತ, ಅವಸರವಿಲ್ಲದೆ ಹೆಣೆದ. ಕೊನೆಗೆ ಗಂಟು ಹಾಕಿ, ಹೆಗಲು ತಟ್ಟಿ, "ಆಯಿತು," ಎಂದ.

ಶರಣ ಇಳಿದು ಅಡಿಗೆಮನೆಯ ಕಡೆ ಓಡಿದ. "ಅವ್ವಾ, ಲುಕ್! ಹೆರಳು!"

ಸವಿತಾ ತೊಳೆಯುತ್ತಿದ್ದ ಪಾತ್ರೆ ಬಿಟ್ಟು, ಅವನನ್ನು ಹಿಂದೆ ಮುಂದೆ ತಿರುಗಿಸಿ ಚೆನ್ನಾಗಿ ನೋಡಿದಳು.

"ಭಾಳ ಚಂದ ಆಗೇತಿ," ಎಂದಳು. "ಎಳೀಬ್ಯಾಡ ಮತ್ತ, ಬಿಚ್ಚತೈತಿ."